ಕೂತು ಕಾಯುವ ಪೆಟ್ಟಿಗೆ

ಸತ್ತವರನ್ನು ಕೂಡಿಸಿ ತಂಪಾಗಿಡುವ ಪೆಟ್ಟಿಗೆ ರಾಯದುರ್ಗದಲ್ಲಿ ಒಂದೇ ಒಂದಿದೆ, ಅದು ನಮ್ಮದು. ಮಲಗಿಸುವ ಪೆಟ್ಟಿಗೆ ಎಲ್ಲ ಊರಲ್ಲೂ ಸಿಗುತ್ತದೆ. ಗಾಜಿನ ಮುಚ್ಚಳ, ಎರಡು ಕಡೆ ಹಿಡಿಕೆ, ಕೆಳಗೆ ಗುಂಯ್ ಎನ್ನುವ ಮೋಟರು. ಆದರೆ ನಮ್ಮ ಶೈವರ ಮನೆಗಳಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಹಣೆಗೆ ವಿಭೂತಿ ಹಚ್ಚಿ, ಕಾಲು ಮಡಿಸಿ, ಗೋಡೆಗೆ ಒರಗಿಸಿ ಕೂಡಿಸುತ್ತೇವೆ. ಮಣ್ಣಿಗೆ ಹೋಗುವಾಗಲೂ ಅವರು ಕೂತೇ ಹೋಗುತ್ತಾರೆ. ಕೂತವರನ್ನು ಮಲಗಿಸುವ ಪೆಟ್ಟಿಗೆಗೆ ಹಾಕುವುದು ಹೇಗೆ? ಶಾಮಿಯಾನ ಬಾಡಿಗೆಗೆ ಕೊಡುವ ನನ್ನ ಅಪ್ಪ ಸಣ್ಣಬಸಪ್ಪ ಈ ಪ್ರಶ್ನೆಯನ್ನು ಒಂದು ಇಡೀ ಬೇಸಿಗೆ ತಲೆಯಲ್ಲಿಟ್ಟುಕೊಂಡು ಓಡಾಡಿ, ಮುಚ್ಚಿಹೋದ ಬೇಕರಿಯೊಂದರಿಂದ ಕೂಲ್ ಡ್ರಿಂಕ್ಸ್ ಇಡುವ ಗಾಜಿನ ಬಾಗಿಲಿನ ಎರಡು ಫ್ರಿಜ್ ತಂದ. ವೆಲ್ಡಿಂಗ್ ಅಂಗಡಿಯ ಮಾರೇಶ ಎರಡನ್ನೂ ಕೊಯ್ದು ಒಂದು ಮಾಡಿದ. ಒಳಗೆ ತೇಗದ ಹಲಗೆ, ಬೆನ್ನಿಗೆ ದಿಂಬು, ಎದೆಗೆ ಒಂದು ಬೆಲ್ಟು. ಲೈಟು ಹಾಕಿದರೆ ಒಳಗೆ ಕೂತವರು ಟಿವಿಯ ಚರ್ಚೆಗೆ ಬಂದು ತಮ್ಮ ಸರದಿಗೆ ಕಾಯುತ್ತಿರುವವರ ಹಾಗೆ ಕಾಣುತ್ತಾರೆ.

ನಾನು ಉಮಾಮಹೇಶ್ವರ, ಇಪ್ಪತ್ತೇಳು ವರ್ಷ. ಆ ಪೆಟ್ಟಿಗೆಯ ಡ್ರೈವರು, ಎಲೆಕ್ಟ್ರಿಷಿಯನ್ನು, ಕಾವಲುಗಾರ ಎಲ್ಲ ನಾನೇ. ಜೊತೆಗೆ ಮಡಕಶಿರದ ಶ್ರಾವಣಿಯನ್ನು ಮದುವೆಯಾಗಲು ಎರಡು ವರ್ಷದಿಂದ ತುದಿಗಾಲಲ್ಲಿ ನಿಂತವನೂ ಹೌದು.

ನಾವಿಬ್ಬರೂ ಅನಂತಪುರದಲ್ಲಿ ಒಂದೇ ಕಾಲೇಜಿನಲ್ಲಿ ಬಿ.ಎಸ್‌ಸಿ. ಓದಿದೆವು. ಅವಳು ಈಗ ಮಡಕಶಿರದ ಒಂದು ರೇಷ್ಮೆ ಮೊಟ್ಟೆ ಕೇಂದ್ರದಲ್ಲಿದ್ದಾಳೆ. ಮೊಟ್ಟೆ ಇಟ್ಟು ಮುಗಿಸಿದ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡಿ ರೋಗವಿಲ್ಲವೆಂದು ಹೇಳುವುದು, ರೋಗವಿಲ್ಲದ ತಾಯಿಯ ಮೊಟ್ಟೆಗಳನ್ನು ತಣ್ಣನೆಯ ಕೋಣೆಯಲ್ಲಿ ತಿಂಗಳುಗಟ್ಟಲೆ ಮಲಗಿಸಿಡುವುದು ಅವಳ ಕೆಲಸ. ನಮ್ಮಿಬ್ಬರದೂ ಒಂದೇ ಕಸುಬು ಎಂದು ನಾನು ಹೇಳಿದಾಗಲೆಲ್ಲ, ನನ್ನವು ಎದ್ದೇಳುತ್ತವೆ ಎಂದು ಒಂದೇ ಮಾತಿನಲ್ಲಿ ನನ್ನನ್ನು ಮುಗಿಸುತ್ತಿದ್ದಳು.

ಜಾತಿ ಬೇರೆ ಎನ್ನುವುದನ್ನು ಎರಡೂ ಮನೆಯವರು ಹೇಗೋ ನುಂಗಿಕೊಂಡಿದ್ದರು. ಪೆಟ್ಟಿಗೆ ಮಾತ್ರ ಗಂಟಲಲ್ಲಿ ಸಿಕ್ಕಿಕೊಂಡಿತ್ತು. ಹೆಣ ಕೂತೆದ್ದು ಹೋಗುವ ಮನೆಗೆ ಮಗಳನ್ನು ಕಳಿಸುವುದಿಲ್ಲ ಎಂದು ಶ್ರಾವಣಿಯ ಅಮ್ಮ ಮಂಜುಳಮ್ಮ ಖಂಡತುಂಡವಾಗಿ ಹೇಳಿದ್ದಳು. ಅಪ್ಪ ಪೆಟ್ಟಿಗೆಯನ್ನು ಮನೆಯಲ್ಲಲ್ಲ, ಗೋಡೌನಿನಲ್ಲಿಡುತ್ತೇವೆ ಎಂದು ವಿವರಿಸಲು ಹೋಗಿ ಇನ್ನಷ್ಟು ಕೆಡಿಸಿದ. ಉಳಿದವಳು ಶ್ರಾವಣಿಯ ಅಜ್ಜಿ ಬೊಮ್ಮಕ್ಕ. ಎಂಬತ್ತರ ಹತ್ತಿರದವಳು, ಆ ಮನೆಯಲ್ಲಿ ಹೆಣ್ಣು ಕೊಡುವುದು, ಹುಳ ಮೇಯಿಸುವುದು, ನಾಯಿಗೆ ಹೆಸರಿಡುವುದು ಎಲ್ಲವೂ ಅವಳ ಮಾತಿನಂತೆ. ಅವಳು ಇಲ್ಲ ಎಂದೂ ಹೇಳಿರಲಿಲ್ಲ, ಹೂಂ ಎಂದೂ ಹೇಳಿರಲಿಲ್ಲ. ಏಪ್ರಿಲ್ ಕೊನೆಯ ಸೋಮವಾರ ಹಿಂದೂಪುರದ ಒಬ್ಬ ವರ ಹುಡುಗಿ ನೋಡಲು ಬರುತ್ತಾನೆಂದು ನಿಶ್ಚಯವಾದ ದಿನ ಶ್ರಾವಣಿ ಫೋನ್ ಮಾಡಿದಳು.

"ಅಜ್ಜಿಗೆ ಆ ಪೆಟ್ಟಿಗೆ ಮ್ಯಾಲೆ ಕ್ವಾಪ ಇಲ್ಲ ಕಣೋ, ಭಯ. ಭಯ ಓಗೋ ಅಂಗೆ ಏನಾದ್ರೂ ಮಾಡು. ಇಪ್ಪತ್ತು ದಿನ ಐತೆ."

ಭಯ ಹೋಗುವಂತೆ ಏನು ಮಾಡುವುದು? ಪೆಟ್ಟಿಗೆಗೆ ಗುಲಾಬಿ ಬಣ್ಣ ಹೊಡೆಸುವುದೇ? ಹೀಗೆ ಯೋಚಿಸುತ್ತ ನಾನು ಗುಮ್ಮಗಟ್ಟದ ಒಂದು ಸಾವಿನ ಮನೆಯಲ್ಲಿ ಕೂತಿದ್ದೆ. ಪೆಟ್ಟಿಗೆಯ ಪಕ್ಕ ಕೂತವನಿಗೆ ಹೆಚ್ಚು ಕೆಲಸವಿಲ್ಲ. ಟೆಂಪರೇಚರ್ ನೋಡುವುದು, ಗಾಜಿನ ಮೇಲೆ ಕಟ್ಟಿದ ಮಂಜು ಒರೆಸುವುದು, ಫೋನ್ ನೋಡುವುದು. ಫೋನಿನಲ್ಲಿ ಒಂದು ಲೇಖನ ಸಿಕ್ಕಿತು. ಕ್ರಯೋನಿಕ್ಸ್ ಎಂಬ ಸಂಗತಿ. ಡಾಕ್ಟರು ಸತ್ತರೆಂದು ಬರೆದುಕೊಟ್ಟ ಕೂಡಲೇ ಆ ಮನುಷ್ಯನನ್ನು ತಣ್ಣಗೆ ಮಾಡಿ, ರಕ್ತ ತೆಗೆದು ಬೇರೊಂದು ದ್ರವ ತುಂಬಿ, ಸೊನ್ನೆಗಿಂತ ನೂರ ತೊಂಬತ್ತಾರು ಡಿಗ್ರಿ ಕೆಳಗಿನ ನೈಟ್ರೋಜನ್ನಿನಲ್ಲಿ ಇಟ್ಟುಬಿಡುತ್ತಾರೆ. ಇವತ್ತಿನ ಡಾಕ್ಟರಿಗೆ ಆಗದ್ದು ಇನ್ನು ನೂರು ವರ್ಷಕ್ಕೋ ಇನ್ನೂರು ವರ್ಷಕ್ಕೋ ಯಾವನಾದರೂ ಡಾಕ್ಟರಿಗೆ ಆದೀತು, ಅಲ್ಲಿಯವರೆಗೆ ಇರಲಿ ಎಂದು. ಕೆಲವು ನೂರು ಜನ ಈಗಾಗಲೇ ಹಾಗೆ ಇದ್ದಾರೆ. ಯಾರೂ ಇನ್ನೂ ಎದ್ದಿಲ್ಲ. ಆದರೆ ಅವರನ್ನು ಇಟ್ಟವರು ಅವರನ್ನು ಹೆಣ ಎನ್ನುವುದಿಲ್ಲ, ರೋಗಿ ಎನ್ನುತ್ತಾರೆ.

ಸಾವಿನ ಮನೆ ಎನ್ನುವುದು ಮರೆತು ನಾನು ಎದ್ದು ನಿಂತೆ. ಹೆಣ ಅಲ್ಲ, ರೋಗಿ. ಹೆಣದ ಪೆಟ್ಟಿಗೆ ಅಲ್ಲ, ಕಾಯುವ ಪೆಟ್ಟಿಗೆ. ಮಡಕಶಿರದ ಜನಕ್ಕೆ ಇದನ್ನು ತಿಳಿಸಿ ಹೇಳಿದರೆ, ಆ ಜನದ ನಡುವೆ ಬೊಮ್ಮಕ್ಕ ಕೂತಿದ್ದರೆ, ನಮ್ಮ ಮನೆ ಹೆಣದ ಮನೆಯಾಗಿ ಉಳಿಯುವುದು ಹೇಗೆ? ನಗು ಉಕ್ಕಿ ಬಂತು. ಸತ್ತವರ ಅಣ್ಣ ನನ್ನ ಭುಜ ಹಿಡಿದು ಹೊರಗೆ ಕರೆದುಕೊಂಡು ಹೋಗಿ, ದುಃಖ ತಡೆದುಕೋ ಎಂದು ಸಮಾಧಾನ ಮಾಡಿ ನೀರು ಕುಡಿಸಿದ.

ಮನೆಯಲ್ಲಿ ಹೇಳಿದೆ. ಅಪ್ಪ ಗಮನವಿಟ್ಟು ಕೇಳಿದ. ಪೆಟ್ಟಿಗೆ ಕಂಡುಹಿಡಿದವನಲ್ಲವೇ, ಯಂತ್ರದ ಬಗ್ಗೆ ಹತ್ತು ಪ್ರಶ್ನೆ ಕೇಳಿದ. ಅಲ್ಲಿಯವರನ್ನು ದೊಡ್ಡ ಹಂಡೆಯಂಥ ಪಾತ್ರೆಯಲ್ಲಿ ತಲೆ ಕೆಳಗೆ ಮಾಡಿ ಇಡುತ್ತಾರೆ, ನೈಟ್ರೋಜನ್ ಸ್ವಲ್ಪ ಇಳಿದುಹೋದರೂ ತಲೆ ಕೊನೆಯವರೆಗೂ ಮುಳುಗಿರಲಿ ಎಂದು, ಅಂತ ನಾನು ಹೇಳುವವರೆಗೆ ಎಲ್ಲ ಚೆನ್ನಾಗಿತ್ತು.

"ನಮ್ಮೋರನ್ನ ಕೂಡ್ಸಾಕಂತ ನಾ ಎರಡು ಫ್ರಿಜ್ ಕೊಯ್ಸೀನಿ. ಅವ್ರು ತಲಿ ಕೆಳಗ ಮಾಡಿ ಇಡ್ತಾರಂತ. ಯಾಕ, ಬಾವಲಿ ಏನು ಅವ್ರು?" ಎಂದ ಅಪ್ಪ.

ಅವ್ವ ದ್ಯಾಮಮ್ಮನಿಗೆ ತಲೆ ಯಾವ ಕಡೆ ಇದ್ದರೂ ಚಿಂತೆ ಇರಲಿಲ್ಲ. ಇನ್ನೂರು ವರ್ಷದ ಮೇಲೆ ಎದ್ದು ಬಂದವರಿಗೆ ರೇಷನ್ ಕಾರ್ಡ್ ಯಾರು ಮಾಡಿಸಿಕೊಡುತ್ತಾರೆ, ಹೆಸರು ತೆಗೆದುಹಾಕಿರುತ್ತಾರಲ್ಲ ಎಂದು ಕೇಳಿದಳು. ನಾನು ಇದನ್ನೂ ಬರೆದುಕೊಂಡೆ.

ನನಗೆ ನೈಟ್ರೋಜನ್ ಬೇಕಿತ್ತು. ಅದು ಅಮೆರಿಕದಲ್ಲಿ ಮಾತ್ರ ಇಲ್ಲ, ಭೈರವಾನಿತಿಪ್ಪದಲ್ಲೂ ಇದೆ, ನನ್ನ ಗೆಳೆಯ ಗೋಪಿಯ ಬೈಕಿನ ಹಿಂದಿನ ಸೀಟಿನಲ್ಲಿ. ಗೋಪಿ ಗೋಪಾಲಮಿತ್ರ, ಅಂದರೆ ಊರೂರು ಸುತ್ತಿ ಹಸು ಎಮ್ಮೆಗಳಿಗೆ ಸೂಜಿ ಹಾಕಿ ಗರ್ಭ ಕಟ್ಟಿಸುವವನು. ಒಳ್ಳೆಯ ಜಾತಿಯ ಹೋರಿಗಳ ಬೀಜವನ್ನು ಹುಲ್ಲುಕಡ್ಡಿಯಷ್ಟು ತೆಳ್ಳಗಿನ ಕೊಳವೆಗಳಲ್ಲಿ ತುಂಬಿ, ನೈಟ್ರೋಜನ್ನಿನ ಕ್ಯಾನಿನಲ್ಲಿ ಮುಳುಗಿಸಿಟ್ಟುಕೊಂಡು ಓಡಾಡುತ್ತಾನೆ. ನಾನು ವಿಷಯ ಹೇಳಿದಾಗ ಅವನು ಆಶ್ಚರ್ಯವನ್ನೇ ಪಡಲಿಲ್ಲ. ಅವನ ಕ್ಯಾನಿನಲ್ಲಿರುವ ಒಂದು ಹೋರಿ ಸತ್ತು ಆರು ವರ್ಷವಾಗಿದೆಯಂತೆ, ಮೊನ್ನೆ ಬುಧವಾರ ಅದಕ್ಕೆ ಮತ್ತೊಂದು ಕರು ಹುಟ್ಟಿತಂತೆ. ಅಪ್ಪನಾಗುವುದಕ್ಕೆ ಬದುಕಿರಲೇಬೇಕು ಅಂತೇನಿಲ್ಲ ಎಂದ.

ಮೊದಲು ರಾಯದುರ್ಗದಲ್ಲೇ ಒಂದು ಸಂಜೆ ಪೆಟ್ಟಿಗೆ ಮುಂದಿಟ್ಟು ಭಾಷಣ ಮಾಡಿ ನೋಡಿದೆವು. ಜನ ಬಂದರು, ತುಂಬಾ ಗೌರವದಿಂದ ಕೇಳಿದರು, ಏನೂ ಮಾತಾಡಲಿಲ್ಲ. ಆಮೇಲೆ ಗೊತ್ತಾಯಿತು, ಅವರಲ್ಲಿ ಅರ್ಧ ಜನ ಯಾರು ತೀರಿಕೊಂಡರು ಎಂದು ವಿಚಾರಿಸಲು ಬಂದವರು. ನಮ್ಮ ಊರಿನಲ್ಲಿ ಆ ಪೆಟ್ಟಿಗೆಗೆ ಹೊಸ ಅರ್ಥ ಬರುವುದು ಕಷ್ಟವಿತ್ತು. ಅದೇ ಒಳ್ಳೆಯದಾಯಿತು ಎಂದುಕೊಂಡೆ. ಮಡಕಶಿರದಲ್ಲಿ ಅದನ್ನು ನೋಡಿದವರೇ ಇಲ್ಲ.

ಹಿಂದೂಪುರದವನು ಬರುವ ಹಿಂದಿನ ದಿನ, ಭಾನುವಾರ ಬೆಳಗ್ಗೆ, ನಮ್ಮ ಸಣ್ಣ ಏಸ್ ಗಾಡಿಯಲ್ಲಿ ಪೆಟ್ಟಿಗೆ ಏರಿಸಿ, ಗೋಪಿಯನ್ನೂ ಅವನ ಕ್ಯಾನನ್ನೂ ಕೂಡಿಸಿಕೊಂಡು ಹೊರಟೆ. ಕಲ್ಯಾಣದುರ್ಗ ದಾಟಿ, ಪಾವಗಡದ ಹತ್ತಿರ ಕರ್ನಾಟಕದೊಳಗೆ ಹೊಕ್ಕು, ಮತ್ತೆ ಆಂಧ್ರಕ್ಕೆ ಹೊರಬರಬೇಕು. ಗಡಿಯಲ್ಲಿ ಒಬ್ಬ ಪೇದೆ ಗಾಡಿ ನಿಲ್ಲಿಸಿ ಇದೇನೆಂದು ಕೇಳಿದ. ವಿಜ್ಞಾನ ಎಂದೆ. ಅವನು ಗಾಜಿನ ಬಾಗಿಲು ತೆಗೆದು, ಇನ್ವರ್ಟರಿನಲ್ಲಿ ಓಡುತ್ತಿದ್ದ ತಂಪಿನ ಮುಂದೆ ಟೋಪಿ ತೆಗೆದು ಒಂದು ನಿಮಿಷ ಕಣ್ಣು ಮುಚ್ಚಿ ನಿಂತ. ಆಮೇಲೆ ಬಾಗಿಲು ಹಾಕಿ, ಹೋಗು ಎಂದ.

ಮೊಟ್ಟೆ ಕೇಂದ್ರದ ಮಾಲೀಕ ಸೂರಪ್ಪನನ್ನು ಶ್ರಾವಣಿ ಆಗಲೇ ಒಪ್ಪಿಸಿದ್ದಳು. ಭಾನುವಾರ ರೈತರು ಮೊಟ್ಟೆ ಒಯ್ಯಲು ಬರುತ್ತಾರೆ. ತಣ್ಣನೆಯ ಕೋಣೆಯಿಂದ ಮೊಟ್ಟೆ ಹೊರಬರುವವರೆಗೆ ಅಂಗಳದ ತಗಡಿನ ಶೆಡ್ಡಿನಡಿ ಕಾಯುತ್ತಾರೆ. ನಾವು ಹೋದಾಗ ಅರವತ್ತು ಎಪ್ಪತ್ತು ಜನ ಇದ್ದರು. ಮೇಲೆ ಕೋಟೆಯ ಬೆಟ್ಟ ಕಾದ ಹಂಚಿನ ಹಾಗೆ ನಿಂತಿತ್ತು. ಬಿಸಿಲು ನಲವತ್ತೊಂದು ಡಿಗ್ರಿ. ಮುಂದಿನ ಸಾಲಿನಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಬೊಮ್ಮಕ್ಕ, ಪಕ್ಕದಲ್ಲಿ ಮುಖ ಆಚೆ ತಿರುಗಿಸಿಕೊಂಡ ಮಂಜುಳಮ್ಮ. ಶ್ರಾವಣಿ ಬಿಳಿ ಕೋಟು ಹಾಕಿಕೊಂಡು ಕೋಣೆಯ ಬಾಗಿಲಲ್ಲಿ ನಿಂತು, ನಾನು ಏನಾದರೂ ಎಡವಟ್ಟು ಮಾಡುತ್ತೇನೆಂದು ಆಗಲೇ ಗೊತ್ತಿದ್ದವಳಂತೆ ಹಣೆಗೆ ಕೈ ಇಟ್ಟುಕೊಂಡಿದ್ದಳು.

ನಾನು ಮೈಕು ಹಿಡಿದೆ. ಇದು ಮಾದರಿ ಪೆಟ್ಟಿಗೆ ಎಂದು ಪರಿಚಯ ಮಾಡಿದೆ. ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಆಮೇಲೆ ಒಳಗಿನ ಕೋಣೆಯಲ್ಲಿರುವ ಮೊಟ್ಟೆಗಳು ಬದುಕಿವೆಯೋ ಸತ್ತಿವೆಯೋ ಎಂದು ಕೇಳಿದೆ. ಬದುಕಿವೆ ಎಂದರು. ಬದುಕಿದ್ದರೆ ಯಾಕೆ ಬೆಳೆಯುತ್ತಿಲ್ಲ ಎಂದೆ. ತಂಪಿನಲ್ಲಿ ಮಲಗಿವೆ ಎಂದರು. ಗೋಪಿಯ ಹೋರಿಯ ಕಥೆ ಹೇಳಿದೆ. ನಾಲ್ಕು ಜನ ಆ ಹೋರಿಯ ನಂಬರ್ ಕೇಳಿದರು. ಜನ ನನ್ನ ಕೈಯಲ್ಲಿದ್ದರು. ಒಂದು ವಾರ ಓದಿದ್ದೆಲ್ಲ ನಾಲಗೆಯ ಮೇಲೆ ಕುಣಿಯುತ್ತಿತ್ತು. ಅಮೆರಿಕದಲ್ಲಿ ಸುಮಾರು ಅರವತ್ತು ವರ್ಷದ ಹಿಂದೆ ಮೊದಲ ಮನುಷ್ಯನನ್ನು ಹೀಗೆ ಇಟ್ಟರು, ಅವನು ಇನ್ನೂ ಹಾಗೇ ಇದ್ದಾನೆ ಎಂದೆ. ಯಾರೋ ಶಿಳ್ಳೆ ಹೊಡೆದರು.

ಆಗ ನಾನು ಮೊದಲ ತಪ್ಪು ಮಾಡಿದೆ. ನೈಟ್ರೋಜನ್ನಿನ ಶಕ್ತಿ ತೋರಿಸಲು ಗೋಪಿ ಒಂದು ದಾಸವಾಳದ ಹೂವನ್ನು ಇಕ್ಕಳದಿಂದ ಹಿಡಿದು ಕ್ಯಾನಿನೊಳಗೆ ಇಳಿಸಿದ. ಬಿಳಿ ಹೊಗೆ ಎದ್ದು ಅಂಗಳದಲ್ಲಿ ಹರಿಯಿತು, ಎಲ್ಲರೂ ಓ ಎಂದರು. ಹೂವನ್ನು ಹೊರತೆಗೆದು ಮೇಜಿಗೆ ತಟ್ಟಿದ. ಅದು ಗಾಜಿನ ಬಳೆಯ ಹಾಗೆ ಪುಡಿಪುಡಿಯಾಯಿತು. ಎರ್ರಪ್ಪ ಎಂಬ ಹಿರಿಯ ರೈತ ಎದ್ದು ಬಂದು ಕೆಂಪು ಪುಡಿಯನ್ನು ಬೆರಳಲ್ಲಿ ಮುಟ್ಟಿ ನೋಡಿ, ಮನುಷ್ಯರನ್ನೂ ಹೀಗೇ ತಟ್ಟುತ್ತಾರಾ ಎಂದು ಕೇಳಿದ.

ನಾನು ತಡವರಿಸುತ್ತ ವಿವರಿಸಿದೆ. ಮೈಯಲ್ಲಿ ನೀರಿದೆ, ನೀರು ಹೆಪ್ಪುಗಟ್ಟಿದರೆ ಮಂಜಿನ ಹರಳು ಚೂರಿಯ ಹಾಗೆ ಒಳಗಿನಿಂದಲೇ ಕೊಯ್ಯುತ್ತದೆ, ಅದಕ್ಕೇ ರಕ್ತ ತೆಗೆದು, ಹರಳುಗಟ್ಟದ ದ್ರವ ತುಂಬುತ್ತಾರೆ, ಅದು ಮಂಜಾಗುವುದಿಲ್ಲ, ಗಾಜಿನ ಹಾಗೆ ಗಟ್ಟಿಯಾಗುತ್ತದೆ. ಆದರೂ ಎಷ್ಟು ಹಾಳಾಗುತ್ತದೆ, ಎಷ್ಟು ಉಳಿಯುತ್ತದೆ ಎಂದು ಯಾರಿಗೂ ಸರಿಯಾಗಿ ಗೊತ್ತಿಲ್ಲ. ಇಲ್ಲಿಯವರೆಗೆ ಒಬ್ಬರನ್ನೂ ಎಬ್ಬಿಸಿಲ್ಲ. ಎಬ್ಬಿಸಲಾಗುವುದೇ ಇಲ್ಲ ಎನ್ನುವ ವಿಜ್ಞಾನಿಗಳೇ ಹೆಚ್ಚು. ಇಷ್ಟು ಹೇಳಿ ಮುಗಿಸುವಷ್ಟರಲ್ಲಿ ನನ್ನ ಅಂಗಿ ಬೆನ್ನಿಗೆ ಅಂಟಿತ್ತು.

ಎರ್ರಪ್ಪನಿಗೆ ಅದೆಲ್ಲ ದೊಡ್ಡ ವಿಷಯವಾಗಿರಲಿಲ್ಲ. ಅವನಿಗೆ ಬೇಕಾದದ್ದು ಹೊರಬರುವ ತಾರೀಕು. ತಣ್ಣನೆಯ ಕೋಣೆಗೆ ಮೊಟ್ಟೆ ಇಡುವ ದಿನವೇ ಅದು ಯಾವತ್ತು ಹೊರಬರಬೇಕೆಂದು ಹಾಳೆಯ ಮೇಲೆ ಬರೆಯುತ್ತಾರೆ, ತಾರೀಕಿಲ್ಲದೆ ಒಂದು ಮೊಟ್ಟೆಯೂ ಒಳಗೆ ಹೋಗುವುದಿಲ್ಲ. ಅಮೆರಿಕದವರು ಇಷ್ಟು ಜನರನ್ನು ತಾರೀಕು ಬರೆಯದೆ ಒಳಗಿಟ್ಟಿದ್ದಾರೆಂದರೆ ಅದೇನು ಕೇಂದ್ರ ಎಂದು ಅವನು ಕೇಳಿದ. ಇಡೀ ಅಂಗಳ ಅದಕ್ಕೆ ತಲೆದೂಗಿತು. ಸೂರಪ್ಪ ತನ್ನ ಕೇಂದ್ರದಲ್ಲಿ ಅಂಥ ಅವ್ಯವಸ್ಥೆ ಇಲ್ಲವೆಂದು ಮೈಕು ಕಸಿದುಕೊಂಡು ತೆಲುಗಿನಲ್ಲೂ ಕನ್ನಡದಲ್ಲೂ ಹೇಳಿದ.

ಅಷ್ಟರಲ್ಲಿ ಬೊಮ್ಮಕ್ಕ ಎದ್ದಿದ್ದಳು. ಕೋಲೂರಿಕೊಂಡು ಪೆಟ್ಟಿಗೆಯ ಸುತ್ತ ಒಂದು ಸುತ್ತು ಬಂದಳು. ಗಾಜಿಗೆ ಅಂಗೈ ಒತ್ತಿದಳು. ಅಂಗೈಯನ್ನು ಕೆನ್ನೆಗೆ ಇಟ್ಟುಕೊಂಡಳು. ಬಾಗಿಲು ತೆಗೆಯಲು ಹೇಳಿದಳು. ತೆಗೆದೆ. ತಂಪು ಹೊರಗೆ ಸುರಿಯಿತು. ನಾನು ಏನಾಗುತ್ತಿದೆ ಎಂದು ನೋಡುವುದರೊಳಗೆ ಅಜ್ಜಿ ಹಿಂದಕ್ಕೆ ತಿರುಗಿ, ಸೀರೆ ಒಟ್ಟು ಮಾಡಿಕೊಂಡು, ಬಸ್ಸಿನ ಸೀಟಿನಲ್ಲಿ ಕೂತ ಹಾಗೆ ಹಲಗೆಯ ಮೇಲೆ ಕೂತುಬಿಟ್ಟಳು. ಹಿಂದಿನ ದಿಂಬಿಗೆ ಒರಗಿ ಉಸ್ಸೆಂದಳು. ಮಂಜುಳಮ್ಮ ಕೂಗುತ್ತ ಓಡಿ ಬಂದಳು. ಅಜ್ಜಿ ಒಂದು ಕೈ ಎತ್ತಿ ಅವಳನ್ನು ತಡೆದಳು.

"ಬಾಗ್ಲು ಆಕ್‌ಬ್ಯಾಡ ಕಣಪ್ಪ, ನಾನು ಮಾತಾಡ್ಬೇಕು. ಒಸಿ ಕುಂತ್ಕಂತೀನಿ ತಡಿ."

ಆಮೇಲೆ ನಡೆದದ್ದನ್ನು ಸಭೆ ಎನ್ನಲಾಗುವುದಿಲ್ಲ. ಐದು ನಿಮಿಷಕ್ಕೆ ಅಜ್ಜಿ ಎದ್ದು ಬಂದಳು, ಎರ್ರಪ್ಪ ಕೂತ. ಅವನ ಹಿಂದೆ ಒಬ್ಬ, ಅವನ ಹಿಂದೆ ಇನ್ನೊಬ್ಬ. ಶೆಡ್ಡಿನಡಿ ಸಾಲು ಬೆಳೆಯಿತು. ಸೂರಪ್ಪನೇ ಸಾಲು ನೇರ ಮಾಡಿ ಒಬ್ಬೊಬ್ಬರಿಗೆ ಎರಡು ನಿಮಿಷ ಎಂದು ಗಡಿಯಾರ ಹಿಡಿದು ನಿಂತ. ಒಬ್ಬ ಕೂತವನು ಅಲ್ಲಿಂದಲೇ ಹೆಂಡತಿಗೆ ವಿಡಿಯೋ ಕಾಲ್ ಮಾಡಿ ತಾನು ಎರಡು ಸಾವಿರದ ಇನ್ನೂರನೇ ಇಸವಿಗೆ ಬಂದಿದ್ದೇನೆ ಎಂದ. ಗೋಪಿ ಕ್ಯಾನಿನ ಮುಚ್ಚಳ ತೆಗೆದು ಹಾಕಿ ಹೊಗೆ ಬಿಡುತ್ತಿದ್ದ. ಶ್ರಾವಣಿ ಬಾಗಿಲ ಮರೆಯಲ್ಲಿ ಬಾಯಿಗೆ ಕೋಟಿನ ತೋಳು ಒತ್ತಿಕೊಂಡು ನಗುತ್ತಿದ್ದಳು. ನನಗೆ ನೆಲ ಕಾಲಿಗೆ ಸಿಗುತ್ತಿರಲಿಲ್ಲ. ಎರ್ರಪ್ಪನಿಂದ ಹಿಡಿದು ಹನ್ನೊಂದು ಜನ ಕೂತೆದ್ದ ಮೇಲೆ ಅಜ್ಜಿ ಎರಡನೆಯ ಸಲ ಸಾಲಿನಲ್ಲಿ ಬಂದು, ವಯಸ್ಸಿನ ಹಕ್ಕಿನಿಂದ ಎಲ್ಲರನ್ನೂ ಸರಿಸಿ, ಮತ್ತೆ ಒಳಗೆ ಕೂತಳು. ಒಳಗಿನಿಂದಲೇ ನನ್ನನ್ನು ಹತ್ತಿರ ಕರೆದಳು.

"ಅಲ್ಲ ಕಣಪ್ಪ. ಹುಳ ಏಳೋ ದಿನ ಗೊತ್ತಿದ್ರೆ ನಾವು ತ್ವಾಟದಾಗೆ ಸೊಪ್ಪು ಮಡಗಿರ್ತೀವಿ. ಸೊಪ್ಪಿಲ್ದೆ ಎದ್ದ ಹುಳ ಸಾಯ್ತವೆ ಅಷ್ಟೇಯ. ನೂರು ವರ್ಸ ಆದ್ಮೇಲೆ ನಾನೆದ್ದೆ ಅಂತ ಇಟ್ಕೋ. ನಂಗೆ ಸೊಪ್ಪು ಯಾರು ಮಡಗಿರ್ತಾರೆ?"

ನನ್ನ ಹತ್ತಿರ ಒಂದು ವಾರದ ಓದಿತ್ತು. ಎದ್ದವನನ್ನು ಯಾವ ಮೊಮ್ಮಗನ ಮೊಮ್ಮಗ ಗುರುತು ಹಿಡಿಯುತ್ತಾನೆ, ಯಾರ ಮನೆಗೆ ಹೋಗಬೇಕು, ಯಾರು ಊಟಕ್ಕೆ ಕರೆಯುತ್ತಾರೆ ಎಂದು ಯಾವ ಲೇಖನದಲ್ಲೂ ಬರೆದಿರಲಿಲ್ಲ.

"ಗೊತ್ತಿಲ್ರಿ ಅಜ್ಜಿ," ಎಂದೆ.

ಅವಳು ನನ್ನನ್ನು ನೋಡಿದಳು. ಏನೋ ಹೇಳಲು ಬಾಯಿ ತೆರೆದಳು. ಅದು ಹೂಂ ಎಂದೇ ನನಗೆ ಈಗಲೂ ಅನಿಸುತ್ತದೆ. ಅದೇ ಹೊತ್ತಿಗೆ ನನ್ನ ಜೇಬಿನಲ್ಲಿ ಫೋನ್ ನಡುಗಿತು.

ರೊಳ್ಳದಿಂದ. ಗುರುಶಾಂತಪ್ಪ ಎಂಬ ಹಿರಿಯರು ಬೆಳಗ್ಗೆ ತೀರಿಕೊಂಡಿದ್ದಾರೆ. ಆಗಲೇ ಕೂಡಿಸಿದ್ದಾರೆ. ರಾಯದುರ್ಗಕ್ಕೆ ಫೋನ್ ಮಾಡಿದಾಗ ಅಪ್ಪ, ಪೆಟ್ಟಿಗೆ ದೈವಕೃಪೆಯಿಂದ ನಿಮ್ಮ ಪಕ್ಕದ ಮಡಕಶಿರದಲ್ಲೇ ಇದೆ ಎಂದು ಹೇಳಿ ನನ್ನ ನಂಬರ್ ಕೊಟ್ಟಿದ್ದಾನೆ. ನಮ್ಮ ಅಂಗಡಿಯಲ್ಲಿ ಸತ್ತದ್ದು ಯಾರು, ಹೇಗೆ ಎಂದು ಮೊದಲು ಕೇಳುವುದಿಲ್ಲ. ಬಾಯಿಗೆ ರೂಢಿಯಾದ ಪ್ರಶ್ನೆ ಒಂದೇ. ನಾನು ಅದನ್ನೇ ಕೇಳಿದೆ: "ಇನ್ನೂ ಯಾರು ಬರಬೇಕ್ರಿ?" ಮಗಳು ಎಂದರು. ಶಿವಲಕ್ಷ್ಮಿ, ಅಸ್ಸಾಮಿನಲ್ಲಿ ಮಿಲಿಟರಿ ಆಸ್ಪತ್ರೆಯಲ್ಲಿ ನರ್ಸು. ಹೊರಟಿದ್ದಾಳೆ. ಎಷ್ಟು ಬೇಗ ಅಂದರೂ ನಾಳೆ ಮಧ್ಯಾಹ್ನ. ಈ ಬಿಸಿಲಿನಲ್ಲಿ ಸಂಜೆಯವರೆಗೂ ಕಷ್ಟ.

ಗೋಪಿ ನನ್ನ ಮುಖ ನೋಡಿಯೇ ತಿಳಿದುಕೊಂಡ. ಮೋಟರು ಕೆಟ್ಟಿದೆ ಎಂದು ಹೇಳಿಬಿಡು, ಇವತ್ತೊಂದು ದಿನ, ಎಂದು ಕಿವಿಯಲ್ಲಿ ಪಿಸುಗುಟ್ಟಿದ. ಸುಲಭವಾಗಿತ್ತು. ನಾಳೆ ಹಿಂದೂಪುರದವನು ಬರುತ್ತಾನೆ. ಇವತ್ತು ಈ ಪೆಟ್ಟಿಗೆಯಲ್ಲಿ ಒಂದೂರಿನ ಜನ ನಗುನಗುತ್ತ ಕೂತೆದ್ದಿದ್ದಾರೆ. ಇನ್ನೊಂದು ಗಂಟೆ ಇದು ಹೀಗೇ ಉಳಿದರೆ ಸಾಕು. ನಾನು ಫೋನನ್ನು ಕಿವಿಗೆ ಒತ್ತಿಕೊಂಡು ನಿಂತೆ. ಆ ಕಡೆ ಭಜನೆಯ ತಾಳ ಕೇಳಿಸುತ್ತಿತ್ತು.

ಅರ್ಧ ಗಂಟೆಗೆ ಬರ್ತೀನಿ ಎಂದೆ.

ಮೈಕು ತೆಗೆದುಕೊಂಡು ಇದ್ದದ್ದು ಇದ್ದ ಹಾಗೆ ಹೇಳಿದೆ. ಇದು ಮಾದರಿ ಪೆಟ್ಟಿಗೆ ಅಲ್ಲ, ಸತ್ತವರನ್ನು ಕೂಡಿಸುವ ಪೆಟ್ಟಿಗೆ, ಐದು ವರ್ಷದಿಂದ ಇದೇ ಕೆಲಸ ಮಾಡುತ್ತಿದೆ, ಈಗ ರೊಳ್ಳಕ್ಕೆ ಹೋಗಬೇಕು, ಕ್ಷಮಿಸಿ.

ಮೊದಲು ಎರ್ರಪ್ಪ ಎದ್ದು ಶೆಡ್ಡಿನ ಮೂಲೆಯ ನಲ್ಲಿಯ ಕಡೆ ನಡೆದ. ಆಮೇಲೆ ಓಡಿದ. ಹತ್ತು ಜನ ಅವನ ಹಿಂದೆ ಓಡಿದರು. ಒಂದು ನಲ್ಲಿ, ಹನ್ನೊಂದು ಜನ, ಅಂಗಿ ಸಮೇತ ತಲೆಗೆ ನೀರು. ವಿಡಿಯೋ ಕಾಲ್ ಮಾಡಿದವನು ಫೋನನ್ನೂ ತೊಳೆಯುತ್ತಿದ್ದ. ಸೂರಪ್ಪ ತಾನು ಕೂರಲೇ ಇಲ್ಲ, ಬಾಗಿಲು ಹಿಡಿದದ್ದಷ್ಟೇ, ಕೈ ತೊಳೆದರೆ ಸಾಕೋ ಎಂದು ಕಂಡಕಂಡವರನ್ನು ಕೇಳುತ್ತಿದ್ದ. ಮಂಜುಳಮ್ಮ ಮಾತ್ರ ಕದಲಲಿಲ್ಲ. ನಾನು ಹೇಳಿರಲಿಲ್ಲವೇ ಎಂಬ ಮುಖ ಮಾಡಿ ಮಗಳ ಕಡೆ ತಿರುಗಿ ನಿಂತಿದ್ದಳು. ಶ್ರಾವಣಿ ನಗು ನಿಲ್ಲಿಸಿದ್ದಳು.

ಬೊಮ್ಮಕ್ಕ ಇನ್ನೂ ಪೆಟ್ಟಿಗೆಯೊಳಗೇ ಕೂತಿದ್ದಳು.

ಸತ್ತದ್ದು ಯಾರು ಎಂದು ಕೇಳಿದಳು. ಹೇಳಿದೆ. ಗುರುಶಾಂತಪ್ಪನ ತೋಟದಿಂದಲೇ ಅವಳು ಮೊದಲ ಸಲ ಹಿಪ್ಪುನೇರಳೆ ಕಡ್ಡಿ ತಂದು ನೆಟ್ಟದ್ದಂತೆ. ಯಾರು ಬರಬೇಕು ಎಂದಳು. ಮಗಳು, ನಾಳೆ ಮಧ್ಯಾಹ್ನ ಎಂದೆ.

"ಅವ್ಳು ಬರಗಂಟ ಮಡಗ್ತೀಯ?"

"ಹೌದ್ರಿ. ಅವ್ರು ಬಂದು ಮುಖ ನೋಡಿದ ಮ್ಯಾಲೆ ತರ್ತೀನಿ."

ಅಜ್ಜಿ ಹಲಗೆಯ ಅಂಚನ್ನು ಬೆರಳಲ್ಲಿ ಸವರಿದಳು. ಆಮೇಲೆ ನನಗಲ್ಲ, ಮಂಜುಳಮ್ಮನಿಗೆ ಹೇಳಿದಳು.

"ನಮ್ಮವ್ವ ತೀರ್ಕಂಡಾಗ ಇಂತದೇ ಬಿಸ್ಲು. ನಾನು ಪಾವಗಡದ ಬಸ್ಸಿಳ್ದು ಓಡೋಡಿ ಓದೆ. ಮಣ್ಣು ಮುಚ್ಚಿ ಕೈ ತೊಳ್ಕಂತಿದ್ರು ಎಲ್ರೂವೆ."

ಅಷ್ಟೇ. ಕೋಲು ಕೇಳಿ ತೆಗೆದುಕೊಂಡು ಎದ್ದಳು. ಕೂತಿದ್ದ ಜಾಗವನ್ನು ಸೆರಗಿನಿಂದ ಒರೆಸಿದಳು. ನಲ್ಲಿಯ ಹತ್ತಿರ ನೆನೆದು ನಿಂತವರನ್ನು ಕರೆದು, ಹೇಗೂ ಮೈಲಿಗೆ ಆಗಿದೆ, ಸ್ನಾನ ಆಮೇಲೆ ಮಾಡಿ, ಬಂದು ಎತ್ತಿ ಎಂದಳು. ಹನ್ನೊಂದು ಜನ ನೀರು ಸೋರಿಸುತ್ತ ಬಂದು ಪೆಟ್ಟಿಗೆಯನ್ನು ಗಾಡಿಗೆ ಏರಿಸಿದರು. ನಾನು ಸ್ಟೀರಿಂಗ್ ಹಿಡಿಯುವಷ್ಟರಲ್ಲಿ ಅಜ್ಜಿ ಪಕ್ಕದ ಸೀಟಿನಲ್ಲಿದ್ದಳು. ಮುಖ ನೋಡಿ ಬರಬೇಕು, ಹಳೆಯ ಪರಿಚಯ ಎಂದಳು. ತನ್ನ ಜೊತೆಗೆ ಒಬ್ಬರು ಬೇಕು ಎಂದು ಶ್ರಾವಣಿಯನ್ನು ಕೂಗಿದಳು. ಮಂಜುಳಮ್ಮ ಗಾಡಿಯ ಮುಂದೆ ಬಂದು ನಿಂತಾಗ, ನೀನು ಮನೆಗೆ ಹೋಗಿ ನೀರು ಕಾಯಿಸಿಡು, ಬಂದು ಸ್ನಾನ ಮಾಡಬೇಕು ಎಂದಳು. ಮೂವತ್ತು ವರ್ಷದಿಂದ ಅತ್ತೆಯ ಮಾತು ಕೇಳಿದ ಮಂಜುಳಮ್ಮನ ಕಾಲುಗಳು ತಾವಾಗಿಯೇ ಪಕ್ಕಕ್ಕೆ ಸರಿದವು.

ದಾರಿಯಲ್ಲಿ ಗೋಪಿ ಹಿಂದೆ ಪೆಟ್ಟಿಗೆ ಹಿಡಿದುಕೊಂಡು ನಿಂತಿದ್ದ. ನಡುವೆ ಕೂತ ಶ್ರಾವಣಿಯ ಬಿಳಿ ಕೋಟಿಗೆ ಚಿಟ್ಟೆಯ ರೆಕ್ಕೆಯ ಪುಡಿ ಅಂಟಿತ್ತು. ಗೇರ್ ಹಾಕುವಾಗಲೆಲ್ಲ ನನ್ನ ಕೈ ಅವಳ ಮೊಣಕಾಲಿಗೆ ತಾಗುತ್ತಿತ್ತು. ಅಜ್ಜಿ ಕಿಟಕಿಯ ಆಚೆ ಕಡಲೆಕಾಯಿ ಹೊಲಗಳನ್ನೇ ಬಹಳ ಶ್ರದ್ಧೆಯಿಂದ ನೋಡುತ್ತಿದ್ದಳು.

ಗುರುಶಾಂತಪ್ಪನವರು ಪಡಸಾಲೆಯಲ್ಲಿ ಗೋಡೆಗೆ ಒರಗಿ ಕೂತಿದ್ದರು. ಹಣೆ ತುಂಬ ವಿಭೂತಿ, ಕೊರಳಲ್ಲಿ ಮಲ್ಲಿಗೆ. ನಾನೂ ಗೋಪಿಯೂ ಪೆಟ್ಟಿಗೆಯನ್ನು ಒಳಗೆ ತಂದು ತಂತಿ ಹಾಕಿದೆವು. ಮೋಟರು ಎರಡು ಸಲ ಕೆಮ್ಮಿ ನಿಂತಿತು. ರೊಳ್ಳದಲ್ಲಿ ಆ ಹೊತ್ತಿಗೆ ವೋಲ್ಟೇಜ್ ಸತ್ತಿತ್ತು. ನಾನು ಮತ್ತೆ ಸ್ವಿಚ್ ಹಾಕಲು ಹೋದೆ. ಶ್ರಾವಣಿ ನನ್ನ ಕೈ ಹಿಡಿದು ತಡೆದಳು. ಮೂರು ನಿಮಿಷ ಬಿಡಬೇಕು, ಇಲ್ಲದಿದ್ದರೆ ಮೋಟರು ಸುಡುತ್ತದೆ. ಅವಳ ಮೊಟ್ಟೆ ಕೋಣೆಯಲ್ಲಿ ದಿನಾ ಇದೇ ಪಾಡು. ಅವಳೇ ಪಕ್ಕದ ಮನೆಗೆ ಹೋಗಿ, ಅಲ್ಲಿ ಬೇರೆ ಫೇಸಿನಲ್ಲಿ ಕರೆಂಟು ಚೆನ್ನಾಗಿದೆಯೆಂದು ನೋಡಿ, ಕಿಟಕಿಯಿಂದ ವೈರು ಎಳೆಸಿದಳು. ಮೂರು ನಿಮಿಷವನ್ನು ಕೈಗಡಿಯಾರದಲ್ಲಿ ಎಣಿಸಿ ನನಗೆ ತಲೆಯಾಡಿಸಿದಳು. ಸ್ವಿಚ್ ಹಾಕಿದೆ. ಗುಂಯ್ ಎಂದಿತು. ನಾವು ಅವರನ್ನು ಎತ್ತಿ ಕೂಡಿಸಿದೆವು. ಜಾರಿದ ಮಾಲೆಯನ್ನು ಶ್ರಾವಣಿ ಸರಿ ಮಾಡಿ, ಎದೆಯ ಬೆಲ್ಟು ಕಾಣದಂತೆ ಅದರ ಮೇಲೆ ಹೂವು ಹರಡಿದಳು. ಐದು ವರ್ಷದಲ್ಲಿ ನನಗೆ ಅದು ಹೊಳೆದಿರಲಿಲ್ಲ.

ಪಡಸಾಲೆಯ ಮೂಲೆಯಲ್ಲಿ ಹೆಂಗಸರ ನಡುವೆ ಬೊಮ್ಮಕ್ಕ ಕೂತಿದ್ದಳು. ನಾನು ಪೆಟ್ಟಿಗೆಯ ಹಿಂದೆ ಮಂಡಿಯೂರಿ ವೈರಿಗೆ ಟೇಪು ಸುತ್ತುತ್ತಿದ್ದೆ. ಆ ಮನೆಯ ಹಿರಿಯ ಹೆಂಗಸು ತೆಲುಗಿನಲ್ಲಿ ಮೆಲ್ಲಗೆ, ಬಿಳಿ ಕೋಟಿನ ಈ ಹುಡುಗಿ ಯಾರು, ಡಾಕ್ಟರಾ ಎಂದು ಕೇಳಿದಳು.

ಅಜ್ಜಿ ಕನ್ನಡದಲ್ಲಿ, ಭಜನೆಯವರಿಗೂ ಕೇಳಿಸುವ ಹಾಗೆ ಹೇಳಿದಳು. "ಪೆಟ್ಗೆ ಮನೆ ಸೊಸೆ."

ಭಜನೆಯ ತಾಳ ಒಂದು ಏಟು ತಪ್ಪಿ ಮತ್ತೆ ಸರಿಯಾಯಿತು. ಶ್ರಾವಣಿ ಗಾಜಿನ ಆ ಕಡೆ ನಿಂತು ಮಂಜು ಒರೆಸುತ್ತಿದ್ದವಳು ಒರೆಸಿದ ಜಾಗವನ್ನೇ ಒರೆಸತೊಡಗಿದಳು. ಅಜ್ಜಿ ಏನೂ ಆಗದವಳ ಹಾಗೆ ಗೋಪಿಯನ್ನು ಕರೆದು, ಹಿಂದೂಪುರಕ್ಕೆ ಒಂದು ಫೋನ್ ಹಚ್ಚಿ ಕೊಡು, ನಾಳೆ ಬರಬೇಡಿ ಎನ್ನಬೇಕು ಎಂದಳು.

ಹೊಟ್ಟೆಯ ತಳದಿಂದ ನಗು ಎದ್ದಿತು. ಪಡಸಾಲೆ ತುಂಬ ಜನ, ನನ್ನ ಮುಂದೆ ಗುರುಶಾಂತಪ್ಪನವರ ಬೆನ್ನು. ನಾನು ಕೈಯಲ್ಲಿದ್ದ ಟೆಸ್ಟರನ್ನು ಹಲ್ಲಲ್ಲಿ ಅಡ್ಡ ಕಚ್ಚಿಕೊಂಡು ಸ್ವಿಚ್ ಬೋರ್ಡಿಗೆ ಹಣೆ ಒತ್ತಿದೆ. ಭುಜ ಕುಲುಕುತ್ತಿತ್ತು. ಯಾರೋ ಬಂದು ಬೆನ್ನು ಸವರಿ, ಪರ ಊರಿನವನಾದರೂ ಎಷ್ಟು ದುಃಖಪಡುತ್ತಾನೆ ನೋಡಿ ಎಂದರು. ಶಿವಲಕ್ಷ್ಮಿ ಬರುವುದು ನಾಳೆ ಮಧ್ಯಾಹ್ನ. ಲೆಕ್ಕ ಹಾಕಿದೆ: ಇಪ್ಪತ್ತೆರಡು ಗಂಟೆ ಈ ಪೆಟ್ಟಿಗೆಯ ಪಕ್ಕ ಕೂರಬೇಕು, ಒಂದು ಸಲವೂ ನಗುವಂತಿಲ್ಲ.